ಬಾಗಿಲು ಹಾಕಿಕೊಂಡ ತಂಡಗಳ ಎದುರು ಸ್ಪೇನ್: 2010ರ ಒಂದು ಪ್ರಕರಣ ಅಧ್ಯಯನ

ನಾನು ಬೆಂಗಳೂರಿನಲ್ಲಿ ಹದಿನೈದು ವರ್ಷದೊಳಗಿನ ಹುಡುಗರಿಗೆ ಫುಟ್‌ಬಾಲ್ ಕಲಿಸುತ್ತೇನೆ. ಹೋದ ಸೀಸನ್‌ನಲ್ಲಿ ಒಂದು ಪಂದ್ಯ 0-1ರಲ್ಲಿ ಸೋತೆವು. ಎದುರಿನ ತಂಡ ಇಡೀ ಪಂದ್ಯ ತನ್ನ ಗೋಲಿನ ಎದುರಿನ ಪೆನಾಲ್ಟಿ ಬಾಕ್ಸ್ ಮುಂದೆಯೇ ಗುಂಪು ಕಟ್ಟಿಕೊಂಡು ನಿಂತಿತ್ತು. ಚೆಂಡು ಹೆಚ್ಚೂಕಮ್ಮಿ ಪೂರ್ತಿ ನಮ್ಮ ಹತ್ತಿರವೇ ಇತ್ತು. ಅವರು ಗೋಲಿನ ಕಡೆ ಬಂದಿದ್ದು ಎರಡೇ ಸಲ, ಎರಡನೇ ಸಲ ಗೋಲಾಯಿತು. ಪಂದ್ಯ ಮುಗಿದ ಮೇಲೆ ನಮ್ಮ ಎಡಗಡೆ ವಿಂಗರ್ (ಮೈದಾನದ ಅಂಚಿನಲ್ಲಿ ದಾಳಿ ಮಾಡುವವನು) ಶೂ ಲೇಸ್ ಬಿಚ್ಚುತ್ತಾ ಕೇಳಿದ, "ಸರ್, ಅವರು ಆಡ್ಲೇ ಇಲ್ವಲ್ಲ, ಹೇಗೆ ಗೆದ್ರು?"

ಆ ಹೊತ್ತಿಗೆ ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ. ಇದೇ ಪ್ರಶ್ನೆ ದಕ್ಷಿಣ ಆಫ್ರಿಕಾದ 2010ರ ವಿಶ್ವಕಪ್‌ನಲ್ಲಿ ಯುರೋಪ್ ಚಾಂಪಿಯನ್ ತಂಡವೊಂದನ್ನು ಕಾಡಿತ್ತು ಅಂತ ನೆನಪಾಯಿತು. ಆ ವಿಶ್ವಕಪ್‌ನಲ್ಲಿ ಸ್ಪೇನ್ ಆಡಿದ ಏಳೂ ಪಂದ್ಯಗಳನ್ನು ಕೂತು ಮತ್ತೆ ನೋಡಿದೆ. ಈ ಬರಹ ಅದರ ಫಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪಂದ್ಯಗಳು ಎಲ್ಲರಿಗೂ ಗೊತ್ತಿರುವಂಥವು, ಹಾಗಾಗಿ ದೇಶಗಳ ಹೆಸರು ಬರೆದಿದ್ದೇನೆ. ಆದರೆ ಆಟಗಾರರ ಮತ್ತು ಕೋಚ್‌ಗಳ ಹೆಸರು ಬೇಕಂತಲೇ ಬಿಟ್ಟಿದ್ದೇನೆ. ದೊಡ್ಡ ಹೆಸರು ಬಂದ ತಕ್ಷಣ ಮಾತು ಪ್ರತಿಭೆಯ ಕಡೆ ಹೊರಟುಬಿಡುತ್ತದೆ. "ಅವನಿದ್ದ, ಅದಕ್ಕೇ ಗೆದ್ದರು" ಅಂದುಬಿಟ್ಟರೆ ನಮಗೆ ಕಲಿಯಲು ಏನೂ ಉಳಿಯುವುದಿಲ್ಲ. ನನಗೆ ಬೇಕಿದ್ದಿದ್ದು ಅವರು ಯಾವಾಗ ಏನು ನಿರ್ಧಾರ ಮಾಡಿದರು ಅನ್ನುವುದು.

ಹಿನ್ನೆಲೆ

2008ರಲ್ಲಿ ಸ್ಪೇನ್ ಯುರೋ ಕಪ್ ಗೆದ್ದಿತ್ತು. 2010ರ ವಿಶ್ವಕಪ್‌ನ ಅರ್ಹತಾ ಸುತ್ತಿನಲ್ಲಿ ಹತ್ತಕ್ಕೆ ಹತ್ತೂ ಪಂದ್ಯ ಗೆದ್ದಿತ್ತು. ಮಿಡ್‌ಫೀಲ್ಡ್‌ನಲ್ಲಿ ಸಣ್ಣ ಸಣ್ಣ ಪಾಸ್ ಕೊಡುತ್ತಾ, ಎದುರಾಳಿಯನ್ನು ಓಡಿಸಿ ಓಡಿಸಿ, ಸಂದು ಸಿಕ್ಕಾಗ ನುಗ್ಗುವುದು ಅವರ ಆಟ. ನಡುವೆ ಒಂದೇ ಒಂದು ಎಚ್ಚರಿಕೆ ಸಿಕ್ಕಿತ್ತು. 2009ರ ಕಾನ್ಫೆಡರೇಶನ್ಸ್ ಕಪ್ ಸೆಮಿಫೈನಲ್‌ನಲ್ಲಿ ಅಮೆರಿಕ ಅವರನ್ನು 2-0 ಸೋಲಿಸಿತು. 35 ಪಂದ್ಯಗಳ ಸೋಲಿಲ್ಲದ ಓಟ ಅಲ್ಲಿಗೆ ನಿಂತಿತು.

ಅದನ್ನು ಉಳಿದ ತಂಡಗಳೆಲ್ಲ ನೋಡಿರುತ್ತವೆ ಅಲ್ವಾ? ಇವರ ಜೊತೆ ಚೆಂಡಿಗಾಗಿ ಜಗಳಕ್ಕೆ ಬೀಳಬೇಡಿ, ಹಿಂದೆ ನಿಂತು ಕಾಯಿರಿ, ಒಂದು ಅವಕಾಶ ಸಿಕ್ಕರೆ ಸಾಕು ಅನ್ನುವ ಪಾಠ ಅದರಲ್ಲಿತ್ತು.

ಹಿಂದೆ ನಿಲ್ಲುವುದು ಅಂದರೆ ಸುಮ್ನೆ ನಿಲ್ಲುವುದಲ್ಲ. ಲೆಕ್ಕ ನೋಡಿ. ಅಂತರರಾಷ್ಟ್ರೀಯ ಮೈದಾನದ ಅಗಲ ಸಾಮಾನ್ಯವಾಗಿ 68 ಮೀಟರ್. ಪೆನಾಲ್ಟಿ ಬಾಕ್ಸ್‌ನ ಅಗಲ 40 ಮೀಟರ್‌ಗೆ ಸ್ವಲ್ಪ ಜಾಸ್ತಿ. ಗೋಲಿಗೆ ಅಪಾಯ ಬರುವುದು ಬಹುಪಾಲು ಆ 40 ಮೀಟರ್‌ನಿಂದ. ಹಾಗಾಗಿ ನಾಲ್ಕು ಜನರ ಒಂದು ಸಾಲು, ಅದರ ಮುಂದೆ ನಾಲ್ಕು ಜನರ ಇನ್ನೊಂದು ಸಾಲು, ಎರಡರ ನಡುವೆ ಎಂಟು ಹತ್ತು ಹೆಜ್ಜೆ ಅಂತರ ಇಟ್ಟುಕೊಂಡು ಆ ಜಾಗವನ್ನು ಮುಚ್ಚಿಬಿಡುತ್ತಾರೆ. ಎರಡೂ ಬದಿಯಲ್ಲಿ ಹದಿನಾಲ್ಕು ಮೀಟರ್‌ನಷ್ಟು ಜಾಗ ಖಾಲಿ ಬಿಡುತ್ತಾರೆ. ಬೇಕಿದ್ದರೆ ಅಲ್ಲಿ ಆಡಿಕೊಳ್ಳಿ, ಒಳಗೆ ಮಾತ್ರ ಬರಬೇಡಿ ಅಂತ. ಚೆಂಡು ಎಡಕ್ಕೆ ಹೋದರೆ ಎಂಟೂ ಜನ ಎಡಕ್ಕೆ ಸರಿಯುತ್ತಾರೆ, ಬಲಕ್ಕೆ ಬಂದರೆ ಬಲಕ್ಕೆ. ಇದಕ್ಕೆ ಶಿಸ್ತು ಬೇಕು, ದಮ್ಮು ಬೇಕು. ಇದನ್ನು ಹೇಡಿಗಳ ಆಟ ಅನ್ನುವವರ ಮಾತು ನಾನು ಒಪ್ಪುವುದಿಲ್ಲ. ಬಲ ಕಡಿಮೆ ಇರುವವರು ತಲೆ ಓಡಿಸಿ ಕಟ್ಟಿದ ಕೋಟೆ ಅದು.

ಡರ್ಬನ್, ಜೂನ್ 16

ಸ್ಪೇನ್‌ನ ಮೊದಲ ಪಂದ್ಯ ಡರ್ಬನ್‌ನ ಮೋಸೆಸ್ ಮಭಿದ ಸ್ಟೇಡಿಯಂನಲ್ಲಿ, ಸ್ವಿಟ್ಜರ್‌ಲೆಂಡ್ ಎದುರು. ಅಲ್ಲಿಯವರೆಗೆ ಸ್ವಿಟ್ಜರ್‌ಲೆಂಡ್ ಒಮ್ಮೆಯೂ ಸ್ಪೇನ್ ವಿರುದ್ಧ ಗೆದ್ದಿರಲಿಲ್ಲ. ಆದರೆ ಅದೇ ಸ್ವಿಟ್ಜರ್‌ಲೆಂಡ್ 2006ರ ವಿಶ್ವಕಪ್‌ನಲ್ಲಿ ಒಂದೂ ಗೋಲು ಬಿಟ್ಟುಕೊಡದೆ, ಪೆನಾಲ್ಟಿ ಶೂಟೌಟ್‌ನಲ್ಲಿ ಸೋತು ಮನೆಗೆ ಹೋಗಿದ್ದ ತಂಡ. ಬಾಗಿಲು ಹಾಕುವುದರಲ್ಲಿ ಪಳಗಿದ ಕೈ ಅವರದು.

ಸ್ಪೇನ್ ಅವತ್ತು ಇಳಿಸಿದ ಹನ್ನೊಂದರ ಪಟ್ಟಿ ನೋಡಿ. ಗೋಲಿನ ಮುಂದೆ ಒಬ್ಬನೇ ಸ್ಟ್ರೈಕರ್, ಅವನೂ ಎತ್ತರದವನಲ್ಲ. ಎಡ ಮತ್ತು ಬಲದಲ್ಲಿ ಹಾಕಿದ ಇಬ್ಬರೂ ಮೂಲತಃ ಮಿಡ್‌ಫೀಲ್ಡರ್‌ಗಳು. ಚೆಂಡು ಸಿಕ್ಕ ಕೂಡಲೇ ಒಳಕ್ಕೆ ಬರುವ ಅಭ್ಯಾಸ ಇಬ್ಬರಿಗೂ. ಇವರ ಹಿಂದೆ ಇನ್ನೂ ಮೂವರು ಮಿಡ್‌ಫೀಲ್ಡರ್‌ಗಳು. ಅಂದರೆ ಎದುರಾಳಿ ಎಲ್ಲಿ ಗೋಡೆ ಕಟ್ಟಿದ್ದಾನೋ ಸರಿಯಾಗಿ ಅಲ್ಲಿಗೇ ಇವರೂ ಬಂದು ಸೇರುತ್ತಿದ್ದರು. ಮೈದಾನದ ಅಂಚಿನಲ್ಲಿ ಉಳಿಯುತ್ತಿದ್ದವರು ಫುಲ್‌ಬ್ಯಾಕ್‌ಗಳು, ಅಂದರೆ ಎಡ ಬಲದ ಡಿಫೆಂಡರ್‌ಗಳು ಮಾತ್ರ.

ಮೊದಲ ಅರ್ಧ ನೋಡುವಾಗ ಒಂದು ವಿಷಯ ಕಣ್ಣಿಗೆ ಹೊಡೆಯುತ್ತದೆ. ಪಾಸ್‌ಗಳು ಚೆನ್ನಾಗಿವೆ, ಆದರೆ ಸ್ವಿಸ್ ಡಿಫೆಂಡರ್‌ಗಳು ಹಿಂದಕ್ಕೆ ತಿರುಗಿ ಓಡಬೇಕಾದ ಪರಿಸ್ಥಿತಿ ಬರುವುದೇ ಅಪರೂಪ. ಎಲ್ಲವೂ ಅವರ ಕಣ್ಣ ಮುಂದೆಯೇ ನಡೆಯುತ್ತಿದೆ. ಕಣ್ಣ ಮುಂದೆ ನಡೆಯುವುದನ್ನು ತಡೆಯುವುದು ಸುಲಭ. ಬೆನ್ನ ಹಿಂದೆ ನಡೆಯುವುದೇ ಕಷ್ಟ.

52ನೇ ನಿಮಿಷ. ಒಂದು ಉದ್ದನೆಯ ಚೆಂಡು, ಅದರ ಹಿಂದೆ ಓಡಿದ ಒಬ್ಬ ಸ್ವಿಸ್ ಫಾರ್ವರ್ಡ್. ಸ್ಪೇನ್ ಗೋಲ್‌ಕೀಪರ್ ಮುಂದಕ್ಕೆ ಬಂದ, ಡಿಕ್ಕಿಯಾಯಿತು, ಹಿಂದಿನಿಂದ ಬಂದ ಸ್ಪೇನ್ ಡಿಫೆಂಡರ್ ಕೂಡ ಅದೇ ರಾಶಿಯಲ್ಲಿ ಬಿದ್ದ. ಚೆಂಡು ಆ ಕಾಲುಗಳ ಮಧ್ಯೆ ತಡವರಿಸಿ ಹೊರಬಂತು. ಓಡಿಬಂದ ಸ್ವಿಸ್ ಮಿಡ್‌ಫೀಲ್ಡರ್ ಒಳಗೆ ತಳ್ಳಿದ. ಚಂದದ ಗೋಲು ಅಲ್ಲ. ಆದರೆ ಹಿಂದೆ ನಿಂತು ಕಾಯುವ ತಂಡಕ್ಕೆ ಬೇಕಾಗಿದ್ದು ಇಂಥದ್ದೇ ಒಂದು.

ಮುಂದಿನದು ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಮುಖ್ಯ. 61-62ನೇ ನಿಮಿಷದಲ್ಲಿ ಕೋಚ್ ಎರಡು ಬದಲಾವಣೆ ಮಾಡಿದರು. ಹಿಂದೆ ನಿಲ್ಲುವ (ಡಿಫೆನ್ಸಿವ್) ಮಿಡ್‌ಫೀಲ್ಡರ್‌ಗಳು ಇಬ್ಬರಿದ್ದರು, ಅವರಲ್ಲಿ ಒಬ್ಬನನ್ನು ತೆಗೆದು ಇನ್ನೊಬ್ಬ ಸ್ಟ್ರೈಕರ್ ಹಾಕಿದರು. ಒಳಕ್ಕೆ ಬರುವ ಮಿಡ್‌ಫೀಲ್ಡರ್ ಬದಲು ಅಂಚಿನಲ್ಲೇ ನಿಲ್ಲುವ, ಓಡುವ ವಿಂಗರ್ ಒಬ್ಬನನ್ನು ಬಲಕ್ಕೆ ಹಾಕಿದರು. ಯೋಚನೆ ತಪ್ಪಿರಲಿಲ್ಲ. ಆದರೆ ತಂಡ ಆಗಲೇ ಸೋಲುತ್ತಿತ್ತು, ಗಾಬರಿ ಹಿಡಿದಿತ್ತು. ಬಲಗಡೆಯಿಂದ ಕ್ರಾಸ್ (ಅಂಚಿನಿಂದ ಬಾಕ್ಸ್ ಒಳಗೆ ಕಳಿಸುವ ಚೆಂಡು) ಮೇಲೆ ಕ್ರಾಸ್ ಬಂದವು. ಬಾಕ್ಸ್ ಒಳಗೆ ಎತ್ತರದ ಸ್ವಿಸ್ ಡಿಫೆಂಡರ್‌ಗಳು ಅವನ್ನು ತಲೆಯಲ್ಲಿ ಹೊಡೆದು ಕಳಿಸುತ್ತಲೇ ಇದ್ದರು. ದೂರದಿಂದ ಹೊಡೆದ ಒಂದು ಚೆಂಡು ಅಡ್ಡ ಕಂಬಕ್ಕೆ ಬಡಿಯಿತು. ಅದೇ ಹೊತ್ತಿಗೆ ಕೌಂಟರ್‌ನಲ್ಲಿ (ಚೆಂಡು ಕಿತ್ತುಕೊಂಡ ಕೂಡಲೇ ಮಾಡುವ ಮರುದಾಳಿಯಲ್ಲಿ) ಹೊರಟ ಸ್ವಿಟ್ಜರ್‌ಲೆಂಡ್‌ನ ಹೊಡೆತವೂ ಒಂದು ಕಂಬಕ್ಕೆ ಬಡಿಯಿತು. ಅದು ಒಳಗೆ ಹೋಗಿದ್ದರೆ 0-2 ಆಗುತ್ತಿತ್ತು. ಸ್ಪೇನ್ ಇಪ್ಪತ್ತಕ್ಕೂ ಹೆಚ್ಚು ಸಲ ಗೋಲಿಗೆ ಹೊಡೆದು 0-1ರಲ್ಲಿ ಸೋತಿತು.

ಸೋತ ಮೇಲೆ ಮಾಡಿದ ಮತ್ತು ಮಾಡದ ಕೆಲಸ

ಸೋತ ಮರುದಿನದಿಂದ ಟೀಕೆ ಶುರುವಾಯಿತು. ಮುಖ್ಯ ದೂರು ಒಂದೇ: ಇಬ್ಬರು ಡಿಫೆನ್ಸಿವ್ ಮಿಡ್‌ಫೀಲ್ಡರ್‌ಗಳು ಯಾಕೆ? ಎದುರಾಳಿ ಮುಂದೆ ಬರುವುದೇ ಇಲ್ಲ ಅಂದಮೇಲೆ ಒಬ್ಬ ಸಾಲದಾ? ಇನ್ನೊಬ್ಬನ ಜಾಗಕ್ಕೆ ದಾಳಿ ಮಾಡುವವನನ್ನು ಹಾಕಿ.

ಕೇಳಲು ಸರಿ ಅನಿಸುತ್ತದೆ. ನಮ್ಮ ಪಂದ್ಯ ಸೋತ ದಿನ ಗ್ರೌಂಡ್ ಪಕ್ಕ ನಿಂತಿದ್ದ ತಂದೆಯೊಬ್ಬರು ನನಗೂ ಇದನ್ನೇ ಹೇಳಿದ್ದರು. ನಾನು ಆ ಮಾತು ಕೇಳಿ ಮುಂದಿನ ಪಂದ್ಯಕ್ಕೆ ಒಬ್ಬ ಮಿಡ್‌ಫೀಲ್ಡರ್ ಕಡಿಮೆ ಮಾಡಿದೆ. ಅದು ನನ್ನ ತಪ್ಪು. ಮೂರು ಗೋಲು ತಿಂದೆವು, ಮೂರೂ ಕೌಂಟರ್‌ನಲ್ಲಿ.

ಸ್ಪೇನ್ ಕೋಚ್ ಆ ಇಬ್ಬರನ್ನೂ ಬಿಡಲಿಲ್ಲ. ಟೂರ್ನಿಯ ಏಳೂ ಪಂದ್ಯಗಳ ಮೊದಲ ಹನ್ನೊಂದರಲ್ಲಿ ಅವರಿಬ್ಬರೂ ಇದ್ದರು. ನನಗೆ ಕಾಣುವ ಕಾರಣ ಇದು. ಬಾಗಿಲು ಹಾಕಿಕೊಂಡ ತಂಡದ ಎದುರು ನಮ್ಮ ಚೆಂಡು ಪದೇ ಪದೇ ಕಳೆದುಹೋಗುತ್ತದೆ. ಹಾಗೆ ಕಳೆದುಹೋದ ಚೆಂಡನ್ನು ಐದಾರು ಸೆಕೆಂಡಿನಲ್ಲಿ ವಾಪಸ್ ಕಿತ್ತುಕೊಳ್ಳಬೇಕು. ಇಲ್ಲದಿದ್ದರೆ ಎದುರಾಳಿಗೆ ಉಸಿರು ತೆಗೆದುಕೊಳ್ಳಲು ಸಮಯ ಸಿಗುತ್ತದೆ, ಕೌಂಟರ್‌ಗೆ ದಾರಿಯೂ ಸಿಗುತ್ತದೆ. ಆ ಇಬ್ಬರು ಮಾಡುತ್ತಿದ್ದಿದ್ದು ಆ ಕೆಲಸ. ಅವರನ್ನು ರಕ್ಷಣೆಗೆ ಇಟ್ಟವರು ಅಂತ ನೋಡಿದರೆ ತಪ್ಪು. ಮತ್ತೆ ಮತ್ತೆ ದಾಳಿ ಮಾಡಲು ಆಗುತ್ತಿದ್ದಿದ್ದೇ ಅವರಿಂದ.

ಕೋಚ್ ಬದಲಾಯಿಸಿದ್ದು ಬೇರೆ ಕಡೆ. ಐದು ದಿನದ ನಂತರ, ಜೂನ್ 21ಕ್ಕೆ, ಹೊಂಡುರಾಸ್ ಎದುರು ನಡು ಜಾಗಕ್ಕೆ ದೊಡ್ಡ ಸ್ಟ್ರೈಕರ್ ಬಂದ. ಸ್ವಿಟ್ಜರ್‌ಲೆಂಡ್ ಎದುರು ನಡುವೆ ಒಂಟಿಯಾಗಿದ್ದ ಆಟಗಾರ ಎಡಕ್ಕೆ ಹೋದ. ಬಲದ ಅಂಚಿಗೆ ಅಸಲಿ ವಿಂಗರ್ ಬಂದ. ಈ ಒಂದು ಅದಲುಬದಲಿನಿಂದ ಆಗಿದ್ದೇನು ನೋಡಿ. ನಡುವಿನ ಸ್ಟ್ರೈಕರ್ ಇಬ್ಬರು ಸೆಂಟರ್‌ಬ್ಯಾಕ್‌ಗಳನ್ನು (ನಡುವಿನ ಡಿಫೆಂಡರ್‌ಗಳನ್ನು) ಹಿಡಿದಿಟ್ಟ. ಬಲದ ವಿಂಗರ್ ಅಂಚಿನಲ್ಲೇ ನಿಂತು ಸಾಲನ್ನು ಆ ಕಡೆ ಎಳೆದ. ಎಡದಿಂದ ಒಳಕ್ಕೆ ನುಗ್ಗುವವನಿಗೆ ಸಂದು ಬಿತ್ತು. 17ನೇ ನಿಮಿಷದಲ್ಲಿ ಅವನು ಎಡಗಡೆಯಿಂದ ಹೊರಟು, ಇಬ್ಬರ ನಡುವೆ ನುಸುಳಿ, ಇನ್ನೊಬ್ಬನನ್ನು ತಪ್ಪಿಸಿ, ಬೀಳುತ್ತಾ ಬೀಳುತ್ತಾ ಮೇಲಿನ ಮೂಲೆಗೆ ಹೊಡೆದ ಗೋಲನ್ನು ನಮ್ಮ ಹುಡುಗರಿಗೆ ಹತ್ತು ಸಲವಾದರೂ ತೋರಿಸಿದ್ದೇನೆ. ಪಂದ್ಯ 2-0. ಆ ಟೂರ್ನಿಯಲ್ಲಿ ಅವನು ಒಟ್ಟು ಐದು ಗೋಲು ಹೊಡೆದ.

ಚಿಲಿ ಎದುರಿನ 2-1 ಗೆಲುವನ್ನು ಇಲ್ಲಿ ಬಿಡುತ್ತೇನೆ. ಚಿಲಿ ಮುಂದೆ ಬಂದು ಆಡುವ ತಂಡ, ಅದು ಬೇರೆಯೇ ಕಥೆ.

ಅರವತ್ತು ನಿಮಿಷ ಕಳೆದ ಮೇಲೆ

ನಾಕೌಟ್‌ನಲ್ಲಿ, ಅಂದರೆ ಸೋತರೆ ಮನೆಗೆ ಹೋಗುವ ಹಂತದಲ್ಲಿ, ಸ್ಪೇನ್ ನಾಲ್ಕು ಪಂದ್ಯ ಆಡಿತು. ನಾಲ್ಕೂ 1-0. ಗೋಲು ಬಂದ ನಿಮಿಷಗಳು: 63, 83, 73, 116. ಒಂದೂ ಮೊದಲ ಒಂದು ಗಂಟೆಯಲ್ಲಿ ಬಂದಿಲ್ಲ. ಇದು ಕಾಕತಾಳೀಯ ಅಂತ ನಾನು ನಂಬುವುದಿಲ್ಲ.

ಪೋರ್ಚುಗಲ್ ಗುಂಪು ಹಂತದಲ್ಲಿ ಒಂದೂ ಗೋಲು ಬಿಟ್ಟುಕೊಟ್ಟಿರಲಿಲ್ಲ. ಕೇಪ್‌ಟೌನ್‌ನಲ್ಲಿ 58ನೇ ನಿಮಿಷದವರೆಗೂ ಏನೂ ಆಗಲಿಲ್ಲ. ಆಗ ಕೋಚ್ ನಡುವಿನ ಸ್ಟ್ರೈಕರ್‌ನನ್ನು ತೆಗೆದು, ಅವನಿಗಿಂತ ಎತ್ತರದ, ಗಟ್ಟಿಮುಟ್ಟಾದ ಇನ್ನೊಬ್ಬ ಸ್ಟ್ರೈಕರ್‌ನನ್ನು ಇಳಿಸಿದರು. ಎರಡು ಮೂರು ನಿಮಿಷದಲ್ಲೇ ಅವನ ಒಂದು ಹೆಡರ್ ಗೋಲ್‌ಕೀಪರ್‌ನನ್ನು ಪರೀಕ್ಷೆ ಮಾಡಿತು. ಒಂದು ಗಂಟೆಯಿಂದ ಕಾಲಿಗೆ ಬರುವ ಚೆಂಡಿಗೆ ಒಗ್ಗಿಕೊಂಡಿದ್ದ ಸೆಂಟರ್‌ಬ್ಯಾಕ್‌ಗಳು ಈಗ ಅವನ ಮೈಗೆ ಅಂಟಿಕೊಂಡು ನಿಲ್ಲಬೇಕಾಯಿತು. 63ನೇ ನಿಮಿಷಕ್ಕೆ ಬಾಕ್ಸ್ ಅಂಚಿನಲ್ಲಿ ಒಂದು ಹಿಮ್ಮಡಿ ಪಾಸ್, ಎಡಗಡೆ ಯಾರೂ ಕಾಯದೆ ಬಿಟ್ಟಿದ್ದ ಆಟಗಾರನ ಮೊದಲ ಹೊಡೆತ ಕೀಪರ್ ತಡೆದ, ವಾಪಸ್ ಬಂದ ಚೆಂಡನ್ನು ಅವನೇ ಒಳಗೆ ಹಾಕಿದ. ಎತ್ತರದ ಸ್ಟ್ರೈಕರ್ ಆ ಗೋಲಿನಲ್ಲಿ ಚೆಂಡನ್ನು ಹೊಡೆದವನಲ್ಲ. ಆದರೆ ಅವನನ್ನು ನೋಡಿಕೊಳ್ಳಬೇಕಾದ ಡಿಫೆಂಡರ್‌ಗಳು ಎಲ್ಲಿ ನಿಂತಿದ್ದರು ಅಂತ ವಿಡಿಯೋ ನಿಲ್ಲಿಸಿ ನೋಡಿ.

ಕ್ವಾರ್ಟರ್‌ಫೈನಲ್‌ನಲ್ಲಿ ಪರಾಗ್ವೆ. ಅಲ್ಲಿಯವರೆಗಿನ ನಾಲ್ಕು ಪಂದ್ಯಗಳಲ್ಲಿ ಅವರು ಬಿಟ್ಟುಕೊಟ್ಟಿದ್ದು ಒಂದೇ ಗೋಲು. ಇಲ್ಲಿ ಕೋಚ್ ಮಾಡಿದ್ದು ಪೋರ್ಚುಗಲ್ ಪಂದ್ಯಕ್ಕೆ ಉಲ್ಟಾ. 56ನೇ ನಿಮಿಷದಲ್ಲಿ ಸ್ಟ್ರೈಕರ್‌ನನ್ನು ತೆಗೆದು ಮಿಡ್‌ಫೀಲ್ಡರ್ ಹಾಕಿದರು. 75ಕ್ಕೆ ಒಬ್ಬ ಡಿಫೆನ್ಸಿವ್ ಮಿಡ್‌ಫೀಲ್ಡರ್ ಬದಲು ಚುರುಕು ಕಾಲಿನ ಫಾರ್ವರ್ಡ್ ಬಂದ. ಇದರ ನಡುವೆ ಪಂದ್ಯ ಹುಚ್ಚೆದ್ದು ಓಡಿತ್ತು. ಪರಾಗ್ವೆಯ ಪೆನಾಲ್ಟಿಯನ್ನು ಸ್ಪೇನ್ ಕೀಪರ್ ಹಿಡಿದ. ಕೆಲವೇ ನಿಮಿಷದಲ್ಲಿ ಸ್ಪೇನ್‌ಗೂ ಪೆನಾಲ್ಟಿ ಸಿಕ್ಕಿತು. ಗೋಲಾಯಿತು, ಆದರೆ ಆಟಗಾರರು ಮೊದಲೇ ಬಾಕ್ಸ್ ಒಳಗೆ ನುಗ್ಗಿದ್ದರು ಅಂತ ರೆಫರಿ ಮತ್ತೆ ಹೊಡೆಸಿದರು. ಎರಡನೇ ಸಲ ಕೀಪರ್ ತಡೆದ. ಇಂಥ ಹೊತ್ತಿನಲ್ಲಿ ಯಾವ ತಂಡವಾದರೂ ತಲೆ ಕೆಡಿಸಿಕೊಂಡು ಚೆಂಡನ್ನು ಸುಮ್ನೆ ಮುಂದಕ್ಕೆ ಒದೆಯಲು ಶುರು ಮಾಡುತ್ತದೆ. ಇವರು ಮಾಡಲಿಲ್ಲ.

83ನೇ ನಿಮಿಷದ ಗೋಲನ್ನು ನಿಧಾನವಾಗಿ ನೋಡಬೇಕು. ಮಿಡ್‌ಫೀಲ್ಡರ್ ಒಬ್ಬ ಪಾಸ್ ಕೊಡುವುದನ್ನು ಬಿಟ್ಟು ಚೆಂಡು ತೆಗೆದುಕೊಂಡು ನಡು ದಾರಿಯಲ್ಲೇ ಓಡಿದ. ಡಿಫೆಂಡರ್‌ಗಳು ಅವನ ಮೇಲೆ ಬಿದ್ದರು. ಕೊನೇ ಕ್ಷಣದಲ್ಲಿ ಅವನು ಬಲಕ್ಕೆ, ಎಂಟು ನಿಮಿಷದ ಹಿಂದಷ್ಟೇ ಬಂದಿದ್ದ ಫಾರ್ವರ್ಡ್‌ಗೆ ತಳ್ಳಿದ. ಅವನ ಹೊಡೆತ ಕಂಬಕ್ಕೆ ಬಡಿಯಿತು. ವಾಪಸ್ ಬಂದಿದ್ದನ್ನು ಹೊಂಡುರಾಸ್ ಎದುರು ಎಡದಿಂದ ನುಗ್ಗಿ ಗೋಲು ಹೊಡೆದಿದ್ದ ಅದೇ ಆಟಗಾರ ಹೊಡೆದ. ಅದು ಒಂದು ಕಂಬಕ್ಕೆ ತಾಗಿ, ಗೆರೆಯ ಉದ್ದಕ್ಕೂ ಉರುಳಿ, ಇನ್ನೊಂದು ಕಂಬಕ್ಕೆ ತಾಗಿ ಒಳಗೆ ಹೋಯಿತು. ಅದೃಷ್ಟವೇ? ಇರಬಹುದು. ಆದರೆ ಗೋಡೆ ಒಡೆದಿದ್ದು ಪಾಸ್ ಅಲ್ಲ, ಚೆಂಡು ಹಿಡಿದು ಓಡಿದವನು. ಎದುರಿಗೆ ಒಬ್ಬ ಓಡಿಬಂದಾಗ ಯಾರಾದರೂ ಸಾಲು ಬಿಟ್ಟು ಬರಲೇಬೇಕು. ಒಬ್ಬ ಬಂದ ಕೂಡಲೇ ಅವನ ಜಾಗ ಖಾಲಿ.

ಸೆಮಿಫೈನಲ್ ಮತ್ತೆ ಡರ್ಬನ್‌ಗೆ ಬಂತು, ಸ್ವಿಟ್ಜರ್‌ಲೆಂಡ್ ಎದುರು ಸೋತ ಅದೇ ಮೈದಾನಕ್ಕೆ. ಆಸ್ಟ್ರೇಲಿಯಾ, ಇಂಗ್ಲೆಂಡ್, ಅರ್ಜೆಂಟೀನಾ ಮೂರಕ್ಕೂ ನಾಲ್ಕು ನಾಲ್ಕು ಗೋಲು ಹೊಡೆದಿದ್ದ ಜರ್ಮನಿ ಅವತ್ತು ಹಿಂದೆ ಸರಿದು ನಿಂತಿತು. ನಡು ದಾರಿ ಪೂರ್ತಿ ಮುಚ್ಚಿತ್ತು. 73ನೇ ನಿಮಿಷದಲ್ಲಿ ಎಡಗಡೆಯಿಂದ ಕಾರ್ನರ್. ಸ್ಪೇನ್‌ನ ಸೆಂಟರ್‌ಬ್ಯಾಕ್ ಬಾಕ್ಸ್ ಹೊರಗಿನಿಂದ ಓಡಿಬಂದು, ಎಲ್ಲರಿಗಿಂತ ಮೇಲೆ ಹಾರಿ ತಲೆಯಲ್ಲಿ ಹೊಡೆದ. ಸಣ್ಣ ಪಾಸ್‌ಗಳ ತಂಡ ಅಂತ ಹೆಸರಾದವರು ಫೈನಲ್‌ಗೆ ಹೋಗಿದ್ದು ಒಂದು ಕಾರ್ನರ್‌ನಿಂದ.

ಫೈನಲ್‌ನಲ್ಲಿ ನೆದರ್‌ಲೆಂಡ್ಸ್ ಬಾಗಿಲು ಹಾಕಿಕೊಂಡಿತ್ತು ಅನ್ನುವುದಕ್ಕಿಂತ ಕಾಲು ಕಾಲಿಗೆ ಹೊಡೆದು ಆಟ ಕೆಡಿಸಿತು ಅನ್ನಬೇಕು. ಅದರಲ್ಲಿ ಒಂದು ವಿಷಯ ಮಾತ್ರ ಈ ಪ್ರಕರಣಕ್ಕೆ ಬೇಕು. 116ನೇ ನಿಮಿಷದ ಗೋಲು ಶುರುವಾಗಿದ್ದು ಬಲದ ವಿಂಗರ್ ತನ್ನ ಅರ್ಧದಿಂದಲೇ ಚೆಂಡು ಹಿಡಿದು ಓಡಿದಾಗ. ಅವನು 60ನೇ ನಿಮಿಷಕ್ಕೆ ಬಂದವನು. ಎಡದಿಂದ ಕ್ರಾಸ್ ಕೊಟ್ಟ ಸ್ಟ್ರೈಕರ್ 106ಕ್ಕೆ ಬಂದವನು. ಕೊನೇ ಪಾಸ್ ಕೊಟ್ಟ ಮಿಡ್‌ಫೀಲ್ಡರ್ 87ಕ್ಕೆ ಬಂದವನು. ಬೆಂಚಿನಿಂದ ಬಂದ ಮೂವರ ಕಾಲೂ ಆ ಒಂದು ಗೋಲಿನಲ್ಲಿದೆ.

ಸ್ಪೇನ್ ಏಳು ಪಂದ್ಯಗಳಲ್ಲಿ ಹೊಡೆದಿದ್ದು ಎಂಟು ಗೋಲು. ವಿಶ್ವಕಪ್ ಗೆದ್ದ ಬೇರೆ ಯಾವ ತಂಡವೂ ಇಷ್ಟು ಕಡಿಮೆ ಹೊಡೆದಿಲ್ಲ. ಬಿಟ್ಟುಕೊಟ್ಟಿದ್ದು ಎರಡು, ನಾಕೌಟ್‌ನಲ್ಲಿ ಒಂದೂ ಇಲ್ಲ. ಮೊದಲ ಪಂದ್ಯ ಸೋತೂ ಕಪ್ ಎತ್ತಿದ ಮೊದಲ ತಂಡ ಅದು. ಅವರನ್ನು ಸೋಲಿಸಿದ ಸ್ವಿಟ್ಜರ್‌ಲೆಂಡ್ ಗುಂಪಿನ ಕೊನೇ ಪಂದ್ಯದಲ್ಲಿ ಹೊಂಡುರಾಸ್ ಎದುರು ಗೆಲ್ಲಲೇಬೇಕಿತ್ತು. ಈಗ ಬಾಗಿಲು ತೆರೆಯುವ ಸರದಿ ಅವರದು. 0-0 ಆಯಿತು, ಮನೆಗೆ ಹೋದರು.

ಅದೇ ತಂಡ, ಮತ್ತೆ ಅದೇ ಗೋಡೆ

ಈ ಪಾಠವನ್ನು ಸ್ಪೇನ್ ತಾನೇ ಮರೆತಿದ್ದೂ ಉಂಟು. 2018ರಲ್ಲಿ ಮಾಸ್ಕೋದಲ್ಲಿ ರಷ್ಯಾ ಐದು ಡಿಫೆಂಡರ್‌ಗಳನ್ನು ನಿಲ್ಲಿಸಿತು. ಸ್ಪೇನ್ ಸಾವಿರಕ್ಕೂ ಹೆಚ್ಚು ಪಾಸ್ ಕೊಟ್ಟಿತು, 1-1 ಆಗಿ ಶೂಟೌಟ್‌ನಲ್ಲಿ ಸೋತಿತು. ಅವತ್ತಿನ ಸ್ಪೇನ್ ಗೋಲು ಕೂಡ ರಷ್ಯಾ ಆಟಗಾರನ ಕಾಲಿಗೆ ತಾಗಿ ಹೋದ ಸ್ವಂತ ಗೋಲು. 2022ರಲ್ಲಿ ಕತಾರ್‌ನಲ್ಲಿ ಮೊರಾಕೊ ಎದುರು ಮತ್ತೆ ಸಾವಿರ ಪಾಸ್, 120 ನಿಮಿಷಕ್ಕೆ 0-0, ಶೂಟೌಟ್‌ನಲ್ಲಿ ಹೊಡೆದ ಮೂರು ಪೆನಾಲ್ಟಿಯಲ್ಲಿ ಒಂದೂ ಗೋಲಾಗಲಿಲ್ಲ. ಎರಡೂ ಪಂದ್ಯ ನೋಡುವಾಗ ನನಗೆ ನಿಜವಾಗಿ ಸಂಕಟವಾಯಿತು. ಚೆಂಡು U ಆಕಾರದಲ್ಲಿ ಎಡದಿಂದ ಹಿಂದಕ್ಕೆ, ಹಿಂದಿನಿಂದ ಬಲಕ್ಕೆ ಸುತ್ತುತ್ತಲೇ ಇತ್ತು. ಗೋಡೆಯ ಮೇಲೆ ಓಡಿಹೋಗಿ ಯಾರನ್ನಾದರೂ ಹೊರಗೆ ಎಳೆಯುವ ಧೈರ್ಯ ಸಾಲದಾಯಿತು.

2024ರ ಯುರೋದಲ್ಲಿ ಚಿತ್ರ ಬದಲಾಯಿತು. ಎರಡೂ ಅಂಚಿನಲ್ಲಿ ಚೆಂಡು ಹಿಡಿದು ಡಿಫೆಂಡರ್ ಮೇಲೆಯೇ ಓಡುವ ಇಬ್ಬರು ಎಳೆಯ ವಿಂಗರ್‌ಗಳು. ಒಬ್ಬನಿಗೆ ಹದಿನೇಳು ತುಂಬಿದ್ದು ಫೈನಲ್‌ನ ಹಿಂದಿನ ದಿನ. ಪ್ರೀಕ್ವಾರ್ಟರ್‌ನಲ್ಲಿ ಜಾರ್ಜಿಯಾ ಐದು ಡಿಫೆಂಡರ್ ಇಟ್ಟು ಆಡಿತು, ಸ್ಪೇನ್‌ನ ಸ್ವಂತ ಗೋಲಿನಿಂದ ಮುಂದೆಯೂ ಹೋಯಿತು. ಸ್ಪೇನ್ ಗಾಬರಿಯಾಗಲಿಲ್ಲ. ಬಾಕ್ಸ್ ಅಂಚಿನಿಂದ ಹೊಡೆದ ಗೋಲಿನಿಂದ ಸಮ ಮಾಡಿ, ಕೊನೆಗೆ 4-1ರಲ್ಲಿ ಗೆದ್ದಿತು. ಆ ಟೂರ್ನಿಯಲ್ಲಿ ಆಡಿದ ಏಳೂ ಪಂದ್ಯ ಗೆದ್ದು ಕಪ್ ತಂದರು.

ನಮ್ಮ ಗ್ರೌಂಡಿಗೆ ತಂದಿದ್ದು

ಹದಿನಾಲ್ಕು ವರ್ಷದ ಹುಡುಗರಿಂದ ವಿಶ್ವಕಪ್ ಆಟ ನಿರೀಕ್ಷೆ ಮಾಡುವುದು ತಪ್ಪು. ಆದರೆ ನಿರ್ಧಾರ ಮಾಡುವ ರೀತಿ ಕಲಿಸಬಹುದು. ನಾನು ಮೊದಲು ಆ ತೆಗೆದುಹಾಕಿದ್ದ ಮಿಡ್‌ಫೀಲ್ಡರ್‌ನನ್ನು ವಾಪಸ್ ಹಾಕಿದೆ. ಆಮೇಲೆ ಪ್ರಾಕ್ಟೀಸ್‌ನಲ್ಲಿ ಸುಣ್ಣದ ಪುಡಿಯಿಂದ ಮೈದಾನವನ್ನು ಉದ್ದಕ್ಕೆ ಐದು ಪಟ್ಟಿ ಮಾಡಿದೆ. ದಾಳಿ ಮಾಡುವಾಗ ಎರಡೂ ಅಂಚಿನ ಪಟ್ಟಿಯಲ್ಲಿ ಒಬ್ಬೊಬ್ಬ ಇರಲೇಬೇಕು. ನಡುವಿನ ಪಟ್ಟಿಯಲ್ಲಿ ಇಬ್ಬರಿಗಿಂತ ಜಾಸ್ತಿ ಸೇರಿದರೆ ವಿಸಿಲ್. ಮೊದಲ ವಾರ ಎರಡು ನಿಮಿಷಕ್ಕೊಮ್ಮೆ ವಿಸಿಲ್ ಊದಿ ನನ್ನ ಗಂಟಲೇ ಒಣಗಿತು. ಹುಡುಗರಿಗೆ ಚೆಂಡು ಎಲ್ಲಿದೆಯೋ ಅಲ್ಲಿಗೆ ಹೋಗುವ ಆಸೆ, ಅದು ಸಹಜ.

ಇನ್ನೊಂದು ಬದಲಾವಣೆ ಬೆಂಚಿನದು. ಮೊದಲೆಲ್ಲ ಬೆಂಚಿನ ಹುಡುಗರು ಮುಖ ಬಾಡಿಸಿಕೊಂಡು ಕೂರುತ್ತಿದ್ದರು. ಈಗ ಅವರಿಗೊಂದು ಕೆಲಸ ಇದೆ. ಒಬ್ಬೊಬ್ಬನೂ ಎದುರು ತಂಡದ ಒಬ್ಬ ಡಿಫೆಂಡರ್‌ನನ್ನು ಮಾತ್ರ ನೋಡುತ್ತಾ ಇರಬೇಕು. ಅವನು ಯಾವ ಕಾಲಿನಲ್ಲಿ ಚೆಂಡು ತಡೆಯುತ್ತಾನೆ, ಯಾವಾಗ ಸೊಂಟದ ಮೇಲೆ ಕೈ ಇಟ್ಟುಕೊಳ್ಳುತ್ತಾನೆ, ತಿರುಗಿ ಓಡಬೇಕಾದಾಗ ಎಷ್ಟು ತಡವಾಗುತ್ತದೆ.

ಹೋದ ತಿಂಗಳು ಅದೇ ತಂಡ ಮತ್ತೆ ಎದುರಾಯಿತು, ಅದೇ ರೀತಿ ಬಾಕ್ಸ್ ಮುಂದೆ ನಿಂತಿತು. ಅರ್ಧ ಪಂದ್ಯ 0-0. ನಾನು ಏನೂ ಬದಲಾಯಿಸಲಿಲ್ಲ, ಚೆಂಡು ಅಂಚಿಂದ ಅಂಚಿಗೆ ಹೋಗುತ್ತಿರಲಿ ಅಂತ ಬಿಟ್ಟೆ. ಎರಡನೇ ಅರ್ಧ ಶುರುವಾಗಿ ಹತ್ತು ನಿಮಿಷಕ್ಕೆ ಬೆಂಚಿನಿಂದ ಒಬ್ಬ ಎದ್ದು ನನ್ನ ಪಕ್ಕ ಬಂದು ನಿಂತ. ತಂಡದಲ್ಲೇ ಕುಳ್ಳ ಹುಡುಗ, ಆದರೆ ಓಡಿದರೆ ಹಿಡಿಯಲು ಆಗುವುದಿಲ್ಲ. "ಸರ್, ಅವರ 3ನೇ ನಂಬರ್ ನೋಡಿ. ಎಡಕ್ಕೆ ತಿರುಗೋಕೆ ಆಗ್ತಿಲ್ಲ ಅವನಿಗೆ. ಎರಡು ಸಲ ಜರ್ಸಿ ಹಿಡಿದು ಎಳೆದ."

ನಾನು ನೋಡಿದೆ, ಹೌದು. ಅವನ ಬೆನ್ನು ತಟ್ಟಿ ಬಲಗಡೆಗೆ ಕಳಿಸಿದೆ.